ಸಾಣೆಕಲ್ಲು

ದೇವರ ಮನೆಯಲ್ಲಿ ಗಂಧದ ಕೊರಡನ್ನು ತೇಯುವ ಕಲ್ಲಿಗೂ, ಕ್ಷೌರಿಕನ ಹಡಪದಲ್ಲಿ ಇರುತ್ತಿದ್ದ ಕತ್ತಿ ಮಸೆಯುವ ಕಲ್ಲಿಗೂ ಕನ್ನಡದಲ್ಲಿ ಒಂದೇ ಹೆಸರು: ಸಾಣೆಕಲ್ಲು. ಒಂದರ ಮೇಲೆ ಕೊರಡು ಸವೆದು ಪರಿಮಳ ಹೊಮ್ಮುತ್ತದೆ. ಇನ್ನೊಂದರ ಮೇಲೆ ಉಕ್ಕು ಸವೆದು ಹರಿತ ಮೂಡುತ್ತದೆ. ಎರಡಕ್ಕೂ ನೀರು ಬೇಕು, ತಾಳ್ಮೆ ಬೇಕು, ತಕ್ಕ ಕಲ್ಲು ಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ತೆಂಗಿನ ಸೀಮೆ. ಸಂಪಿಗೆಯಂತಹ ಊರುಗಳ ತೋಟಗಳಲ್ಲಿ ಮಚ್ಚು, ಕುಡುಗೋಲುಗಳಿಗೆ ಬಿಡುವಿಲ್ಲ. ಅವು ಮೊಂಡಾದರೆ ಒರಟಾದ ಕಲ್ಲಿನ ಮೇಲೆ ನಾಲ್ಕು ಬಾರಿ ಉಜ್ಜಿದರೆ ಸಾಕು. ಆದರೆ ಕ್ಷೌರದ ಕತ್ತಿಯ ವಿಷಯ ಬೇರೆ. ಮಚ್ಚು ತನ್ನ ಭಾರದಿಂದ ಕಡಿಯುತ್ತದೆ. ಕ್ಷೌರದ ಕತ್ತಿ ತನ್ನ ನವಿರಿನಿಂದ ಕತ್ತರಿಸುತ್ತದೆ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಮೀರದು. ಕತ್ತಿಯ ಬಾಯಿ ಅದಕ್ಕಿಂತಲೂ ನೂರು ಪಟ್ಟು ತೆಳುವಾಗಿರಬೇಕು. ಒರಟು ಕಲ್ಲಿನಲ್ಲಿ ಮಸೆದರೆ ಬಾಯಿಯು ಗರಗಸದಂತಾಗಿ ಚರ್ಮವನ್ನು ಗೀರುತ್ತದೆ. ಕತ್ತಿಯ ಕೆಳಗಿರುವುದು ಮನುಷ್ಯನ ಕೊರಳು ಎಂಬುದನ್ನು ಮರೆಯುವಂತಿಲ್ಲ.

ಅಂತಹ ನುಣುಪಾದ ಕಲ್ಲು ಎಲ್ಲಿ ದೊರೆಯುತ್ತದೆ? ಚಿತ್ರದುರ್ಗದ ಕಡೆಯಿಂದ ಚಿಕ್ಕನಾಯಕನಹಳ್ಳಿಯ ಮೂಲಕ ದಕ್ಷಿಣಕ್ಕೆ ಸಾಗುವ ಗುಡ್ಡಗಳ ಸಾಲು ಭೂವಿಜ್ಞಾನಿಗಳಿಗೆ ಸುಪರಿಚಿತವಾದುದು. ಇಲ್ಲಿಯ ಪದರಶಿಲೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರುಗಳೂ ಈ ಗುಡ್ಡಗಳಲ್ಲಿವೆ. ಪುರಾತನ ಕಾಲದಲ್ಲಿ ನೀರಿನ ತಳದಲ್ಲಿ ನೆಲೆನಿಂತ ಜೇಡಿಮಣ್ಣು ಭೂಮಿಯ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಸ್ಲೇಟಿನಂತಹ ಕಲ್ಲಾಗುತ್ತದೆ. ಅದರ ಮೆತ್ತನೆಯ ಮೈಯಲ್ಲಿ ಬೆಣಚಿನ ಅತಿ ಸೂಕ್ಷ್ಮ ಕಣಗಳು ಹುದುಗಿರುತ್ತವೆ. ಉಕ್ಕನ್ನು ಸವೆಸುವುದು ಆ ಕಣಗಳೇ.

ಹಾಗೆಂದು ಎಲ್ಲ ಕಲ್ಲೂ ಸಾಣೆಗೆ ಬಾರದು. ಬಳಪದ ಕಲ್ಲು ಉಗುರಿಗೂ ಸವೆಯುವಷ್ಟು ಮೃದು. ಅದು ಉಕ್ಕನ್ನು ಮುಟ್ಟಲಾರದು. ಕಣಶಿಲೆಯ ಹರಳುಗಳು ತೀರ ದಪ್ಪ. ಅವು ಅಲಗನ್ನು ಕೆಡಿಸುತ್ತವೆ. ಇವೆರಡರ ನಡುವಣ ಹದವನ್ನು ಹುಡುಕಬೇಕು. ಕಲ್ಲನ್ನು ಹುಡುಕುವವನು ಹಳ್ಳದ ದಂಡೆಯಲ್ಲಿ ನೀರು ತಿಕ್ಕಿ ನುಣುಪಾಗಿಸಿದ ತುಂಡುಗಳನ್ನು ಮೊದಲು ನೋಡುತ್ತಾನೆ. ತುಂಡನ್ನು ಒದ್ದೆ ಮಾಡಿದರೆ ಒಣಗಿದ್ದಾಗ ಅಡಗಿದ್ದ ಬಿರುಕುಗಳೂ ಬಿಳಿಯ ಬೆಣಚಿನ ಎಳೆಗಳೂ ಕಾಣಿಸುತ್ತವೆ. ಎಳೆಯಿದ್ದ ಕಲ್ಲು ತ್ಯಾಜ್ಯ. ಒಂದೇ ಒಂದು ದಪ್ಪ ಹರಳು ಅಲಗಿನ ಬಾಯಿಯನ್ನು ಮುರಿಯಬಲ್ಲದು. ಒಂದೇ ಬಗೆಯ ಎರಡು ತುಂಡುಗಳನ್ನು ನೀರು ಹಾಕಿ ಉಜ್ಜಿದಾಗ ಬರುವ ಗಸಿಯನ್ನು ಬೆರಳುಗಳ ನಡುವೆ ಹೊಸೆಯಬೇಕು. ಅದು ಗಂಧದಂತೆ ನುಣ್ಣಗಿದ್ದರೆ ಕಲ್ಲು ಪರೀಕ್ಷೆಗೆ ಯೋಗ್ಯ. ಮರಳಿನಂತೆ ಚುರುಗುಟ್ಟಿದರೆ ಅಯೋಗ್ಯ. ಆರಿಸಿದ ಕಲ್ಲನ್ನು ನೀರು ಮರಳು ಹಾಕಿ ಚಪ್ಪಟೆಯಾದ ಬಂಡೆಯ ಮೇಲೆ ತಿಕ್ಕಿ ಸಮತಟ್ಟು ಮಾಡಬೇಕು. ಆ ಬಳಿಕ ಮರಳಿನ ಕಣವೊಂದೂ ಉಳಿಯದಂತೆ ತೊಳೆಯಬೇಕು.

ಮಸೆಯುವ ಕ್ರಮವೂ ಸರಳವೇ, ಸುಲಭವಲ್ಲ. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲನ್ನು ಮುಟ್ಟುವಂತೆ ಅಲಗನ್ನು ಮಲಗಿಸಿ, ಬಾಯಿ ಮುಂದಾಗಿ ಹಗುರವಾಗಿ ಜಾರಿಸಬೇಕು. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ ಇನ್ನೊಂದು ಮಗ್ಗುಲನ್ನು ಹಾಗೆಯೇ ಮಸೆಯಬೇಕು. ಒತ್ತಿದರೆ ಕೆಲಸ ಬೇಗ ಮುಗಿಯದು, ಕೆಡುತ್ತದೆ. ಆನಂತರ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆದು ಬಾಯಿಯನ್ನು ನೇರ್ಪುಗೊಳಿಸಬೇಕು.

ಈ ವಿದ್ಯೆ ಬಹು ಹಳೆಯದು. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯ ಬಳಿ ಹಳೆಯ ಶಿಲಾಯುಗದ ಕಲ್ಲಿನ ಆಯುಧಗಳು ದೊರೆತಿವೆ. ಅವನ್ನು ಮಾಡಿದವರು ಕಲ್ಲನ್ನು ಒಡೆದು ಹರಿತ ಪಡೆದರು. ಸಾವಿರಾರು ವರ್ಷಗಳ ಅನಂತರ ಬಳ್ಳಾರಿಯ ಸಂಗನಕಲ್ಲಿನ ನವಶಿಲಾಯುಗದ ಜನರು ಕೊಡಲಿಗಳನ್ನು ಬಂಡೆಯ ಮೇಲೆ ಉಜ್ಜಿ ನಯಗೊಳಿಸಿದರು. ಉಜ್ಜಿದ ಗುಳಿಗಳು ಅಲ್ಲಿ ಇಂದಿಗೂ ಇವೆ. ಲೋಹ ಬಂದ ಮೇಲೂ ಕಲ್ಲಿನ ಅಗತ್ಯ ತಪ್ಪಲಿಲ್ಲ. ಶಸ್ತ್ರಚಿಕಿತ್ಸೆಯ ಪ್ರಾಚೀನ ಗ್ರಂಥವಾದ ಸುಶ್ರುತ ಸಂಹಿತೆಯು, ವೈದ್ಯನ ಶಸ್ತ್ರಗಳನ್ನು ಉದ್ದಿನ ಬಣ್ಣದ ನುಣುಪಾದ ಕಲ್ಲಿನಲ್ಲಿ ಮಸೆದು, ಬೂರುಗದ ಹಲಗೆಯ ಮೇಲೆ ಬಾಯಿಯನ್ನು ಹದಗೊಳಿಸಬೇಕೆಂದು ವಿಧಿಸುತ್ತದೆ. ಶಸ್ತ್ರವು ಕೂದಲನ್ನು ಕತ್ತರಿಸಬಲ್ಲದಾಗಿರಬೇಕೆಂಬುದೇ ಅದರ ಪರೀಕ್ಷೆ. ದೂರದ ಬೆಲ್ಜಿಯಂ ದೇಶದಲ್ಲಿ ಸೂಕ್ಷ್ಮವಾದ ಗಾರ್ನೆಟ್ ಹರಳುಗಳಿರುವ ಹಳದಿ ಕಲ್ಲು ಕ್ಷೌರದ ಕತ್ತಿಗೆಂದೇ ಹೆಸರಾಯಿತು. ಅಮೆರಿಕದ ಅರ್ಕಾನ್ಸಾಸಿನ ಸಾಣೆಕಲ್ಲಿಗೆ ಬಂದ ‘ನೊವಾಕ್ಯುಲೈಟ್’ ಎಂಬ ಹೆಸರು, ಕ್ಷೌರದ ಕತ್ತಿ ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಹುಟ್ಟಿದೆ.

ನಮ್ಮ ಹಳ್ಳಿಗಳಲ್ಲಿ ಕ್ಷೌರಿಕನು ಆಯಗಾರರಲ್ಲಿ ಒಬ್ಬನಾಗಿದ್ದನು. ವರ್ಷವಿಡೀ ದುಡಿದು, ಸುಗ್ಗಿಯಲ್ಲಿ ಕಣದ ಧಾನ್ಯವನ್ನು ಪಡೆಯುತ್ತಿದ್ದನು. ಊರಿನವರೆಲ್ಲರೂ ಅವನ ಕತ್ತಿಗೆ ಕೊರಳೊಡ್ಡಿ ನಂಬುತ್ತಿದ್ದರು. ಆದರೆ ಅವನಿಗೆ ಸಲ್ಲಬೇಕಾದ ಗೌರವವನ್ನು ಎಲ್ಲರೂ ಸಲ್ಲಿಸಲಿಲ್ಲ. ಅವನ ಕೈಯಲ್ಲಿದ್ದ ಶಿಲೆಯ ಜ್ಞಾನವನ್ನು ಯಾರೂ ವಿದ್ಯೆಯೆಂದು ಕರೆಯಲಿಲ್ಲ.

ಇಂದು ಕ್ಷೌರದ ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಬ್ಲೇಡನ್ನು ಬಳಸುವುದು ರೂಢಿಯಾಗಿದೆ. ರಕ್ತದ ಮೂಲಕ ಹರಡುವ ರೋಗಗಳನ್ನು ತಡೆಯಲು ಈ ಬದಲಾವಣೆ ಅಗತ್ಯವಾಗಿತ್ತು, ಅದಕ್ಕಾಗಿ ವಿಷಾದಿಸಬೇಕಾಗಿಲ್ಲ. ಆದರೆ ಸಾಣೆಕಲ್ಲು ಮೂಲೆ ಸೇರಿದಾಗ ಅದರೊಡನೆ ಕಲ್ಲನ್ನು ಬೆರಳಿನಿಂದ ಓದುವ ಒಂದು ತಿಳಿವಳಿಕೆಯೂ ಮರೆಯಾಗುತ್ತದೆ. ತೋಟಕ್ಕೆ ಹೋಗುವಾಗ ಹಳ್ಳದ ದಂಡೆಯಲ್ಲಿ ಒಂದು ನುಣುಪು ಕಲ್ಲು ಕಂಡರೆ, ಅದನ್ನು ಎತ್ತಿ ಒದ್ದೆ ಮಾಡಿ ನೋಡಬಹುದು. ಹಿರಿಯರು ಅದರಲ್ಲಿ ಏನನ್ನು ಕಾಣುತ್ತಿದ್ದರೆಂಬುದು ಆಗ ಸ್ವಲ್ಪವಾದರೂ ತಿಳಿಯುತ್ತದೆ.

ಅಭ್ಯಾಸ

ಪದಗಳ ಅರ್ಥ: ಹಡಪ – ಕ್ಷೌರದ ಸಲಕರಣೆಗಳ ಚೀಲ, ಅಲಗು – ಕತ್ತಿಯ ಕತ್ತರಿಸುವ ಭಾಗ, ತ್ಯಾಜ್ಯ – ಬಿಡತಕ್ಕದ್ದು, ಆಯಗಾರ – ಗ್ರಾಮಸೇವೆಗಾಗಿ ಧಾನ್ಯದ ಪಾಲು ಪಡೆಯುವವನು.

ಪ್ರಶ್ನೆಗಳು:
1. ಮಚ್ಚಿಗೂ ಕ್ಷೌರದ ಕತ್ತಿಗೂ ಇರುವ ವ್ಯತ್ಯಾಸವೇನು?
2. ಬಳಪದ ಕಲ್ಲು ಸಾಣೆಗೆ ಏಕೆ ಒದಗುವುದಿಲ್ಲ?
3. ಒಳ್ಳೆಯ ಸಾಣೆಕಲ್ಲನ್ನು ಗುರುತಿಸುವ ಬಗೆಯನ್ನು ವಿವರಿಸಿರಿ.
4. ನಿಮ್ಮ ಊರಿನ ಕುಶಲಕರ್ಮಿಯೊಬ್ಬರ ಬಳಿ ಇರುವ ಇಂತಹ ತಿಳಿವಳಿಕೆಯನ್ನು ಕೇಳಿ ತಿಳಿದು ಬರೆಯಿರಿ.