ಮಿಶ್ರಲೋಹ ಪಾಠಕ್ಕೆ ಬೆಳ್ಳಿ ಮುದ್ರೆಗಳ ಬಳಕೆ

ತರಗತಿ: 10
ಘಟಕ: ಲೋಹಗಳು ಮತ್ತು ಅಲೋಹಗಳು
ಉಪಘಟಕ: ಮಿಶ್ರಲೋಹಗಳು
ಅವಧಿ: 40 ನಿಮಿಷ

ಹಿತ್ತಾಳೆ, ಕಂಚುಗಳ ಪಟ್ಟಿ ಬರೆಸಿ ಈ ಪಾಠವನ್ನು ಮುಗಿಸಬಹುದು. ಆದರೆ ಲೋಹಗಳ ಪ್ರಮಾಣ ಬದಲಾದರೆ ಯಾರಿಗೆ ನಷ್ಟ, ಅದನ್ನು ಪತ್ತೆ ಹಚ್ಚುವುದು ಹೇಗೆ ಎಂಬುದು ಪಟ್ಟಿಯಿಂದ ತಿಳಿಯುವುದಿಲ್ಲ. ಅಭ್ಯಾಸ ಬೋಧನೆಯಲ್ಲಿ ನಾನು 18ನೇ ಶತಮಾನದ ಇಂಗ್ಲೆಂಡಿನ ಹ್ಯೂಗೆನಾಟ್ ಬೆಳ್ಳಿ ಕೆಲಸಗಾರರ ಮುದ್ರೆಗಳನ್ನು ಉದಾಹರಣೆಯಾಗಿ ಬಳಸಿದೆ.

ಪೂರ್ವಜ್ಞಾನ

ಚಿನ್ನದ ಒಡವೆಯ ಮೇಲಿನ ‘916’ ಎಂದರೇನು ಎಂಬ ಪ್ರಶ್ನೆಯಿಂದ ಆರಂಭಿಸಿದೆ. ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಅಂದರೆ 22 ಕ್ಯಾರೆಟ್ ಎಂಬ ಉತ್ತರ ಚರ್ಚೆಯಿಂದ ಬಂತು.

ವಿಷಯ ನಿರೂಪಣೆ

1685ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ ನಾಂಟ್ ಶಾಸನವನ್ನು ರದ್ದುಪಡಿಸಿದ. ಹ್ಯೂಗೆನಾಟರು, ಅಂದರೆ ಫ್ರೆಂಚ್ ಪ್ರೊಟೆಸ್ಟಂಟರು, ದೊಡ್ಡ ಸಂಖ್ಯೆಯಲ್ಲಿ ದೇಶ ಬಿಟ್ಟರು. ಲಂಡನ್ ಸೇರಿದವರಲ್ಲಿ ನುರಿತ ಬೆಳ್ಳಿ ಕೆಲಸಗಾರರೂ ಇದ್ದರು. ಅಲ್ಲಿನ ಅಕ್ಕಸಾಲಿಗರು ಈ ಪರದೇಶಿಗಳನ್ನು ವಿರೋಧಿಸಿದರು. ಹಾಗಾಗಿ ತನ್ನ ಹೆಸರಿನ ಮುದ್ರೆಯನ್ನು ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ನೋಂದಾಯಿಸುವುದು ವಲಸಿಗನಿಗೆ ಬದುಕಿನ ಪ್ರಶ್ನೆಯಾಗಿತ್ತು.

ಪಾಲ್ ಡಿ ಲಾಮೆರಿ ಇವರಲ್ಲಿ ಪ್ರಸಿದ್ಧ. 1703ರಲ್ಲಿ ಹ್ಯೂಗೆನಾಟನೇ ಆದ ಪಿಯರ್ ಪ್ಲಾಟೆಲ್ ಬಳಿ ಕೆಲಸ ಕಲಿಯಲು ಸೇರಿ, 1713ರಲ್ಲಿ ಸ್ವಂತ ಮುದ್ರೆ ನೋಂದಾಯಿಸಿದ: ‘ಎಲ್ ಎ’ ಅಕ್ಷರಗಳು, ಮೇಲೆ ಕಿರೀಟ ಮತ್ತು ನಕ್ಷತ್ರ, ಕೆಳಗೆ ಫ್ರೆಂಚ್ ಲಿಲ್ಲಿ ಹೂ. 1733ರಲ್ಲಿ ಅವನು ನೋಂದಾಯಿಸಿದ ಮುದ್ರೆಯಲ್ಲಿ ‘ಪಿ ಎಲ್’ ಇದೆ. ಒಬ್ಬನೇ ವ್ಯಕ್ತಿಗೆ ಎರಡು ಗುರುತು ಏಕೆ?

ಉತ್ತರ ಮಿಶ್ರಲೋಹದಲ್ಲಿದೆ. ಬೆಳ್ಳಿ ನಾಣ್ಯಗಳನ್ನು ಕರಗಿಸಿ ಪಾತ್ರೆ ಮಾಡುವುದನ್ನು ತಡೆಯಲು 1697ರಲ್ಲಿ ಪಾತ್ರೆಯ ಬೆಳ್ಳಿ ನಾಣ್ಯಕ್ಕಿಂತ ಶುದ್ಧವಾಗಿರಬೇಕೆಂದು ಕಾನೂನು ಬಂತು. ಇದು ಬ್ರಿಟಾನಿಯ ಮಟ್ಟ. ಇದಕ್ಕೆ ಮನೆತನದ ಹೆಸರಿನ ಮೊದಲೆರಡು ಅಕ್ಷರ. 1720ರಲ್ಲಿ ಹಳೆಯ ಸ್ಟರ್ಲಿಂಗ್ ಮಟ್ಟಕ್ಕೆ ಮತ್ತೆ ಅವಕಾಶ ಸಿಕ್ಕಿತು; ಅದಕ್ಕೆ ಹೆಸರು ಮತ್ತು ಮನೆತನದ ಮೊದಲಕ್ಷರಗಳು.

ಕಪ್ಪುಹಲಗೆಯ ಲೆಕ್ಕ

ಒಂದು ಟ್ರಾಯ್ ಪೌಂಡ್ = 240 ಪೆನ್ನಿವೇಟ್
ಸ್ಟರ್ಲಿಂಗ್: 222 ÷ 240 = ಶೇ. 92.5 ಬೆಳ್ಳಿ
ಬ್ರಿಟಾನಿಯ: 230 ÷ 240 = ಶೇ. 95.83 ಬೆಳ್ಳಿ

ಉಳಿದದ್ದು ಮುಖ್ಯವಾಗಿ ತಾಮ್ರ. ಶುದ್ಧ ಬೆಳ್ಳಿ ಮೃದು. ತಾಮ್ರ ಅದನ್ನು ಗಟ್ಟಿಗೊಳಿಸುತ್ತದೆ.

ಚರ್ಚೆ

“ಮಾಡಿದವನೇ ಮುದ್ರೆ ಹಾಕಿದ ಮೇಲೆ ಇನ್ನೊಂದು ಮುದ್ರೆ ಯಾಕೆ ಸರ್?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪಾಠದ ತಿರುಳೇ ಅದು. ತಯಾರಕನ ಮುದ್ರೆ ಯಾರು ಹೊಣೆ ಎಂದು ಹೇಳುತ್ತದೆ. ಹಾಲ್‌ನ ಮುದ್ರೆ ಲೋಹವನ್ನು ಪರೀಕ್ಷಿಸಲಾಗಿದೆ ಎಂದು ಹೇಳುತ್ತದೆ. ಪಾತ್ರೆಯಿಂದ ಕೆರೆದ ಚೂರನ್ನು ತೂಗಿ, ಸೀಸದೊಂದಿಗೆ ಮೂಳೆಬೂದಿಯ ಬಟ್ಟಲಲ್ಲಿ ಕಾಯಿಸುತ್ತಿದ್ದರು. ಸೀಸ, ತಾಮ್ರಗಳು ಉತ್ಕರ್ಷಣಗೊಂಡು ಬಟ್ಟಲಿನಲ್ಲಿ ಹೀರಲ್ಪಡುತ್ತವೆ; ಬೆಳ್ಳಿಯ ಗುಂಡು ಉಳಿಯುತ್ತದೆ. ಅದನ್ನು ಮತ್ತೆ ತೂಗಿದರೆ ಪ್ರಮಾಣ ಸಿಗುತ್ತದೆ. ಲೋಹಗಳ ಕ್ರಿಯಾಶೀಲತಾ ಸರಣಿಯನ್ನು ಇಲ್ಲಿಯೇ ಪುನರಾವರ್ತಿಸಬಹುದು.

ಮೌಲ್ಯಮಾಪನ

1720ರಲ್ಲಿ ಬೆಳ್ಳಿಗೆ ಔನ್ಸಿಗೆ 6 ಪೆನ್ಸ್ ಸುಂಕ ಬಂದಾಗ, ಕೆಲವರು ಸಣ್ಣ ವಸ್ತುವಿನ ಮುದ್ರೆಯನ್ನು ಕತ್ತರಿಸಿ ಭಾರವಾದ ಪಾತ್ರೆಗೆ ಬೆಸೆಯುತ್ತಿದ್ದರು. ಮುದ್ರೆ ಅಸಲಿ, ಪಾತ್ರೆ ಮಾತ್ರ ಪರೀಕ್ಷೆಗೇ ಹೋಗಿಲ್ಲ. ‘ಇದನ್ನು ಹೇಗೆ ಕಂಡುಹಿಡಿಯುವಿರಿ?’ ಎಂಬುದೇ ಮನೆಗೆಲಸ. ಬೆಸುಗೆಯ ಗೆರೆ ಹುಡುಕುವುದು, ಬೇರೆ ಬೇರೆ ಭಾಗದಿಂದ ಚೂರು ತೆಗೆಯುವುದು ಎಂಬ ಉತ್ತರಗಳು ಬಂದವು. ಸಾಂದ್ರತೆ ಅಳೆಯಬೇಕೆಂದವರೂ ಇದ್ದರು. ಪಾತ್ರೆಯ ಬೆಳ್ಳಿಯೂ ಅದೇ ಮಟ್ಟದ್ದಾದರೆ ಸಾಂದ್ರತೆ ಏನನ್ನೂ ತೋರಿಸದು ಎಂದು ಮರುದಿನ ತರಗತಿಯೇ ತೀರ್ಮಾನಿಸಿತು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ಇತಿಹಾಸಕ್ಕೆ ಹತ್ತು ನಿಮಿಷ ಮೀಸಲಿಟ್ಟು, ಲೆಕ್ಕ ಮತ್ತು ಚರ್ಚೆಗೆ ಉಳಿದ ಅವಧಿಯನ್ನು ಕೊಡುವುದು ಒಳ್ಳೆಯದು.