ಪಾನಮತ್ತನ ವಕಾಲತ್ತು

ಜಿಲ್ಲಾ ಕೇಂದ್ರವೊಂದರ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಬಹುಕಾಲ ವಕೀಲಿ ವೃತ್ತಿಯನ್ನು ನಡೆಸಿದ ನನಗೆ, ಸುಲಿಗೆ ದರೋಡೆಗಳ ಆರೋಪಿಗಳಿಗಿಂತಲೂ ಹೆಚ್ಚು ಕಂಗೆಟ್ಟವರಾಗಿ ಕಂಡವರೆಂದರೆ, ಕುಡಿದು ವಾಹನ ನಡೆಸಿದರೆಂದು ರಾತ್ರಿ ಸಿಕ್ಕಿಬಿದ್ದು, ಬೆಳಗಾಗುತ್ತಲೇ ಮುಖ ಮರೆಸಿಕೊಂಡು ನನ್ನ ಕಚೇರಿಯ ಮೆಟ್ಟಿಲೇರುತ್ತಿದ್ದ ಮರ್ಯಾದಸ್ಥ ಗೃಹಸ್ಥರು. ಅವರೆಲ್ಲರ ಬಾಯಲ್ಲಿಯೂ ಒಂದೇ ಮಾತು: “ಒಪ್ಪಿಕೊಂಡು ದಂಡ ಕಟ್ಟಿಬಿಡೋಣ ಸ್ವಾಮಿ, ಯಾರಿಗೂ ತಿಳಿಯುವುದು ಬೇಡ.” ಈ ಆತುರದಷ್ಟು ಅಪಾಯಕರವಾದದ್ದು ಇಂಥ ಮೊಕದ್ದಮೆಗಳಲ್ಲಿ ಮತ್ತೊಂದಿಲ್ಲ.

ತಪ್ಪೊಪ್ಪಿಗೆಯು ದಂಡದ ರಸೀತಿಯೊಡನೆ ಮುಗಿಯುವ ವ್ಯವಹಾರವಲ್ಲ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಪ್ರಕರಣವು, 2019ರ ತಿದ್ದುಪಡಿಯ ತರುವಾಯ, ಮೊದಲ ಅಪರಾಧಕ್ಕೆ 6 ತಿಂಗಳವರೆಗಿನ ಕಾರಾಗೃಹವಾಸವನ್ನೋ 10,000 ರೂಪಾಯಿ ದಂಡವನ್ನೋ ಎರಡನ್ನೂ ಒಟ್ಟಾಗಿಯೋ ವಿಧಿಸುತ್ತದೆ. ಎರಡನೆಯ ಬಾರಿಗೆ ಅದು 2 ವರ್ಷಕ್ಕೂ 15,000 ರೂಪಾಯಿಗೂ ಏರುತ್ತದೆ. ಇಂದು ಲಜ್ಜೆಯಿಂದ ಒಪ್ಪಿಕೊಂಡದ್ದು ಮುಂದೊಂದು ದಿನ ಪೂರ್ವಾಪರಾಧವೆಂಬ ಹೆಸರಿನಲ್ಲಿ ಎದುರು ನಿಲ್ಲುತ್ತದೆ. ಚಾಲನಾ ಪರವಾನಗಿಗೂ ಅದರಿಂದ ಕುತ್ತು.

ಕಾಯಿದೆಯ ಆಧಾರವಾದರೋ ಅಳತೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮನ್ನು ಮೀರಿದ ಮದ್ಯಸಾರವು ಪರೀಕ್ಷೆಯಿಂದ ಸಿದ್ಧವಾಗತಕ್ಕದ್ದು. ಬಾಯಿಯ ವಾಸನೆ, ತಡವರಿಸುವ ಮಾತು, ತೂರಾಡುವ ನಡಿಗೆಗಳು ಸಂಶಯವನ್ನು ಹುಟ್ಟಿಸಬಲ್ಲವಲ್ಲದೆ ರಕ್ತಪರೀಕ್ಷೆಯ ಸ್ಥಾನವನ್ನು ತುಂಬಲಾರವೆಂಬ ಭಾವ ಸರ್ವೋಚ್ಚ ನ್ಯಾಯಾಲಯದ 1971ರ ತೀರ್ಪೊಂದರಲ್ಲಿಯೇ ಇದೆ. ನನ್ನ ಕಕ್ಷಿದಾರರಾದ ಒಬ್ಬ ಕಿರಾಣಿ ವರ್ತಕರು ಅಜೀರ್ಣಕ್ಕೆಂದು ಅರಿಷ್ಟವನ್ನು ಕುಡಿದು ಸ್ಕೂಟರನ್ನೇರಿದವರು, ಕೆಲವೇ ನಿಮಿಷಗಳಲ್ಲಿ ತಪಾಸಣೆಗೆ ಸಿಕ್ಕಿದರು. ಆಸವಾರಿಷ್ಟಗಳು ಹುದುಗಿನಿಂದ ಮದ್ಯಸಾರವನ್ನು ತಾವೇ ಪಡೆದ ಔಷಧಗಳು. ಬಾಯಲ್ಲಿ ಉಳಿದ ಆ ಅಂಶವು ಉಸಿರಿನ ಯಂತ್ರದಲ್ಲಿ ರಕ್ತದ ನಿಜಸ್ಥಿತಿಗಿಂತ ಹೆಚ್ಚಿನ ಅಂಕಿಯನ್ನು ತೋರಿಸಬಲ್ಲುದು. ಅವರು ವಾಗ್ವಾದಕ್ಕಿಳಿಯದೆ, ರಕ್ತಪರೀಕ್ಷೆ ಮಾಡಿಸಿರೆಂದು ಠಾಣೆಯಲ್ಲಿ ಶಾಂತವಾಗಿ ಬರೆದುಕೊಟ್ಟರು. ವರದಿಯ ಅಂಕಿ ಮಿತಿಯೊಳಗಿತ್ತು, ಮೊಕದ್ದಮೆ ನಿಲ್ಲಲಿಲ್ಲ. ಅಂದಿನಿಂದ ನಾನು ಕಡತ ಬಿಚ್ಚಿದೊಡನೆ ಯಂತ್ರದ ಮುದ್ರಿತ ಚೀಟಿಯನ್ನೂ ಅದರ ಸಮಯವನ್ನೂ ಯಂತ್ರವನ್ನು ಸರಿಹೊಂದಿಸಿದ ದಾಖಲೆಯನ್ನೂ ಮೊದಲು ಹುಡುಕುತ್ತೇನೆ.

ಗಡಿಯಾರವೂ ಒಂದು ಸಾಕ್ಷಿಯೇ. 202ನೆಯ ಪ್ರಕರಣದ ಮೇರೆಗೆ, ಈ ಆರೋಪದಲ್ಲಿ ದಸ್ತಗಿರಿಯಾದವನನ್ನು 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷಿಸಬೇಕು. ಇಲ್ಲವಾದರೆ ಬಂಧನದಿಂದ ಬಿಡಬೇಕು. ರಕ್ತ ತೆಗೆಯುವ ವೈದ್ಯರು ಪುರುಷರಾಗಿ ಆರೋಪಿ ಸ್ತ್ರೀಯಾದಲ್ಲಿ ಇನ್ನೊಬ್ಬ ಸ್ತ್ರೀಯ ಸನ್ನಿಧಿ ಅವಶ್ಯಕ. ಬಂಧನದ ಕಾರಣವನ್ನು ತಿಳಿಯುವ, ತಾನೇ ಆರಿಸಿದ ವಕೀಲರೊಡನೆ ಸಮಾಲೋಚಿಸುವ ಹಕ್ಕು ಸಂವಿಧಾನದ 22ನೆಯ ಅನುಚ್ಛೇದದ್ದು. ಜಾಮೀನೂ ಈ ಅಪರಾಧದಲ್ಲಿ ಹಕ್ಕೇ ಹೊರತು ಅನುಗ್ರಹವಲ್ಲ.

ಆದರೆ ಹಕ್ಕಿನ ಹೆಸರಿನಲ್ಲಿ ಊದಲೊಲ್ಲೆನೆಂದು ಹಠ ಹಿಡಿದವರು ಗೆದ್ದುದನ್ನು ನಾನು ಕಂಡಿಲ್ಲ. ತನ್ನ ವಿರುದ್ಧ ತಾನೇ ನುಡಿಯದಿರುವ ಹಕ್ಕು ಮಾತಿಗೆ ಸಂಬಂಧಿಸಿದ್ದು. ಮಂಪರು ಪರೀಕ್ಷೆಯನ್ನು ಬಲವಂತದಿಂದ ನಡೆಸಕೂಡದೆಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ ನುಡಿದ ಸರ್ವೋಚ್ಚ ನ್ಯಾಯಾಲಯವು ಸಹ ರಕ್ತದಂಥ ಭೌತಿಕ ಸಾಕ್ಷ್ಯವನ್ನು ಆ ರಕ್ಷಣೆಯ ಹೊರಗಿರಿಸಿತು. ಸಕಾರಣವಿಲ್ಲದ ನಿರಾಕರಣೆಯನ್ನು 205ನೆಯ ಪ್ರಕರಣವು ಆರೋಪಕ್ಕೇ ಪುಷ್ಟಿಯೆಂದು ಎಣಿಸಲು ಅವಕಾಶವೀಯುತ್ತದೆ.

ನನ್ನ ಬಳಿಗೆ ಬಂದವರಲ್ಲಿ ಬಹುಮಂದಿ ನಿಜವಾಗಿಯೂ ಕುಡಿದವರೇ. ಕಾಗದಪತ್ರಗಳೆಲ್ಲ ಕ್ರಮವಾಗಿದ್ದಾಗ ಅವರಿಗೆ ತಪ್ಪೊಪ್ಪಿಕೊಳ್ಳಿರೆಂದೇ ಹೇಳಿದ್ದೇನೆ, ಏಕೆಂದರೆ ದಾರಿಹೋಕರ ಪ್ರಾಣವೂ ಕಾಯಿದೆಯ ರಕ್ಷಣೆಗೆ ಪಾತ್ರವಾದದ್ದು. ಆರೋಪಕ್ಕೊಳಗಾದವರು ಚೀಟಿಯನ್ನು ಕೇಳಿ ಪಡೆಯಲಿ, ಸಮಯವನ್ನು ಗುರುತಿಸಿಕೊಳ್ಳಲಿ, ಓದದ ಕಾಗದಕ್ಕೆ ರುಜು ಹಾಕದಿರಲಿ. ಬಂಧನದಲ್ಲಿರುವವರು ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ ಅವರು ಅರ್ಹರು.