ದೂರದ ಲೆಕ್ಕ: ಹಳೆಯ ಫಿಲಂ ಕ್ಯಾಮೆರಾ, ಹೊಸ ಡ್ರೋನ್ ಮತ್ತು ನಮ್ಮ ತುಂಗಭದ್ರೆ



ಈ ವರ್ಷದ ವಾರ್ಷಿಕೋತ್ಸವದ ವಿಡಿಯೊಗೆ ಮುಕ್ಕುಂದದ ನದಿ ದಡವನ್ನು ಡ್ರೋನ್‌ನಿಂದ ಚಿತ್ರೀಕರಿಸೋಣ, ಹಕ್ಕಿಗಳೂ ಸಿಕ್ಕರೆ ಇನ್ನೂ ಚೆನ್ನ ಎಂದು ದ್ವಿತೀಯ ಪಿಯುಸಿಯ ಕೆಲವರು ನನ್ನನ್ನು ಕೇಳಿದ್ದಾರೆ. ನಮ್ಮ ಸಿಂಧನೂರು ಕಡೆ ಡ್ರೋನ್ ಈಗ ಹೊಸದೇನಲ್ಲ. ಮದುವೆ ಮನೆಯ ಮೇಲೆ ಹಾರುತ್ತದೆ, ಭತ್ತದ ಗದ್ದೆಗೆ ಔಷಧಿ ಸಿಂಪಡಿಸುತ್ತದೆ. ಆದರೆ ವನ್ಯಜೀವಿಯ ಮುಂದೆ ಅದನ್ನು ಹಾರಿಸುವ ಮೊದಲು ಒಂದು ಪಾಠ ಓದಬೇಕು. ಆ ಪಾಠ ನಮ್ಮ ಭೌತಶಾಸ್ತ್ರ, ರಸಾಯನಶಾಸ್ತ್ರದ ಪುಸ್ತಕಗಳಲ್ಲೇ ಇದೆ. ನಾನು ತರಗತಿಗೆ ತಂದು ತೋರಿಸುವ ಹಳೆಯ ಫಿಲಂ ಕ್ಯಾಮೆರಾದಿಂದಲೇ ಅದನ್ನು ಆರಂಭಿಸುತ್ತೇನೆ.

ಕತ್ತಲೆ ಕೋಣೆ

ಕ್ಯಾಮೆರಾ ಎಂಬ ಪದದ ಮೂಲ ಅರ್ಥ ಕೋಣೆ. ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದ ವಿಜ್ಞಾನಿ ಇಬ್ನ್ ಅಲ್ ಹೈಸಮ್ ಬೆಳಕಿನ ಬಗ್ಗೆ ‘ಕಿತಾಬ್ ಅಲ್ ಮನಾಝಿರ್’ ಎಂಬ ದೊಡ್ಡ ಗ್ರಂಥ ಬರೆದರು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ಆಗ ಹಲವರು ನಂಬಿದ್ದರು. ಹಾಗಲ್ಲ, ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದ ನಾವು ನೋಡುತ್ತೇವೆ ಎಂದು ಅವರು ವಾದಿಸಿದರು. ಕತ್ತಲೆ ಕೋಣೆಯ ಸಣ್ಣ ರಂಧ್ರದಿಂದ ಒಳಬರುವ ಬೆಳಕನ್ನು ಪರೀಕ್ಷಿಸಿದರು. ಗ್ರಹಣದ ಸೂರ್ಯನ ಬಿಂಬ ರಂಧ್ರದ ಮೂಲಕ ಹೇಗೆ ಮೂಡುತ್ತದೆ ಎಂಬುದನ್ನೂ ವಿವರಿಸಿದರು.

ಇಂದಿನ ಎಲ್ಲ ಕ್ಯಾಮೆರಾಗಳೂ ಆ ಕತ್ತಲೆ ಕೋಣೆಯ ವಂಶದವೇ. ರಂಧ್ರದ ಜಾಗಕ್ಕೆ ಮಸೂರ ಬಂತು, ಗೋಡೆಯ ಜಾಗಕ್ಕೆ ಫಿಲಂ ಬಂತು, ನಂತರ ಫಿಲಂ ಜಾಗಕ್ಕೆ ಸೆನ್ಸರ್ ಬಂತು. ಡ್ರೋನ್‌ನ ಹೊಟ್ಟೆಯ ಕೆಳಗೆ ತೂಗುವುದೂ ಅದೇ ಕೋಣೆ. ಈಗ ಅದಕ್ಕೆ ರೆಕ್ಕೆ ಬಂದಿದೆ, ಅಷ್ಟೇ.

ಫಿಲಂ ಮೇಲೆ ಏನಾಗುತ್ತದೆ?

ಕಪ್ಪು ಬಿಳುಪು ಫಿಲಂ ಮೇಲೆ ಜೆಲಟಿನ್ ಪದರವಿದ್ದು, ಅದರಲ್ಲಿ ಸಿಲ್ವರ್ ಬ್ರೋಮೈಡ್‌ನ ಸೂಕ್ಷ್ಮ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬೇರ್ಪಡುತ್ತವೆ. ಇದು ಕಣ್ಣಿಗೆ ಕಾಣದ ಬಿಂಬ. ಡೆವಲಪರ್ ದ್ರಾವಣದಲ್ಲಿ ಮುಳುಗಿಸಿದಾಗ ಬೆಳಕು ಕಂಡ ಹರಳುಗಳು ಅಪಕರ್ಷಣಗೊಂಡು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಕಾಣದ ಸಿಲ್ವರ್ ಬ್ರೋಮೈಡ್ ಹಾಗೆಯೇ ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಮುಂದೆ ಇಡೀ ಚಿತ್ರ ಕಪ್ಪಾಗುತ್ತದೆ. ಇಲ್ಲಿ ಬರುವುದೇ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದು ಉಳಿದ ಸಿಲ್ವರ್ ಬ್ರೋಮೈಡ್ ಜೊತೆ ಸೇರಿ ನೀರಿನಲ್ಲಿ ಕರಗುವ ಸಂಕೀರ್ಣ ಅಯಾನು ಉಂಟುಮಾಡುತ್ತದೆ, ತೊಳೆದರೆ ಹೋಗುತ್ತದೆ. ಕೋಆರ್ಡಿನೇಶನ್ ಸಂಯುಕ್ತಗಳನ್ನು ಓದುವಾಗ ಈ ಉದಾಹರಣೆ ನೆನಪಿಡಿ.

ಸಾಮಾನ್ಯ 35 ಮಿ.ಮೀ. ಫಿಲಂ ಸುರುಳಿಯಲ್ಲಿ 36 ಚಿತ್ರಗಳು. ಪ್ರತಿ ಚೌಕಟ್ಟಿನ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಒಂದು ಕಾಲಕ್ಕೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲಂ ನಮ್ಮ ಊರಿನ ಸ್ಟುಡಿಯೊಗಳವರೆಗೂ ಪರಿಚಿತವಾಗಿತ್ತು. ಕ್ಲಿಕ್ಕಿಸಿದ ತಕ್ಷಣ ಚಿತ್ರ ನೋಡುವಂತಿಲ್ಲ. ತೊಳೆಯುವವರೆಗೆ ಬಂತೋ ಇಲ್ಲವೋ ಗೊತ್ತಾಗದು. ಹೀಗಾಗಿ ಒಂದೊಂದು ಕ್ಲಿಕ್‌ಗೂ ಮೊದಲು ಯೋಚಿಸಬೇಕಿತ್ತು.

ನೀರುನಾಯಿ ಎಷ್ಟು ದೊಡ್ಡದಾಗಿ ಕಾಣುತ್ತದೆ?

ಈಗ ಒಂದು ಲೆಕ್ಕ ಮಾಡೋಣ. ದೂರದ ವಸ್ತುವಿನ ಬಿಂಬದ ಗಾತ್ರವನ್ನು ಹೀಗೆ ಅಂದಾಜಿಸಬಹುದು: ಮಸೂರದ ಸಂಗಮದೂರವನ್ನು ವಸ್ತುವಿನ ಗಾತ್ರದಿಂದ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿ. ಇದು ಸಮರೂಪ ತ್ರಿಭುಜಗಳ ನಿಯಮವೇ.

ಬಾಲವೂ ಸೇರಿ ಸುಮಾರು 1 ಮೀಟರ್ ಉದ್ದದ ನೀರುನಾಯಿ ನಮ್ಮಿಂದ 40 ಮೀಟರ್ ದೂರದ ಬಂಡೆಯ ಮೇಲೆ ಮಲಗಿದೆ ಎಂದುಕೊಳ್ಳಿ. 50 ಮಿ.ಮೀ. ಸಂಗಮದೂರದ ಸಾಮಾನ್ಯ ಮಸೂರದಲ್ಲಿ ಅದರ ಬಿಂಬ 1.25 ಮಿ.ಮೀ. ಮಾತ್ರ. 36 ಮಿ.ಮೀ. ಅಗಲದ ಫಿಲಂನಲ್ಲಿ ಅದು ಒಂದು ಚುಕ್ಕೆ. 400 ಮಿ.ಮೀ. ಮಸೂರ ಹಾಕಿದರೆ ಬಿಂಬ 10 ಮಿ.ಮೀ. ಆಗುತ್ತದೆ. ಇದು ಚಿತ್ರ ಎನ್ನಿಸಿಕೊಳ್ಳುತ್ತದೆ.

ಆದರೆ ದೊಡ್ಡ ಮಸೂರಕ್ಕೆ ಬೇರೆ ಕಷ್ಟವಿದೆ. ಕೈ ಸ್ವಲ್ಪ ಅಲುಗಿದರೂ ಚಿತ್ರ ಮಸುಕಾಗುತ್ತದೆ. 400 ಮಿ.ಮೀ. ಮಸೂರಕ್ಕೆ ಷಟರ್ ವೇಗ ಕನಿಷ್ಠ 1/500 ಸೆಕೆಂಡ್ ಇರಲಿ ಎನ್ನುವುದು ಹಳಬರ ರೂಢಿ. ಬಿರುಬಿಸಿಲಿನಲ್ಲಿ 100 ಐಎಸ್ಒ ಫಿಲಂಗೆ ಎಫ್ 16 ಅಪರ್ಚರ್, 1/125 ಸೆಕೆಂಡ್ ಸಾಕು. ಅದನ್ನೇ ಎಫ್ 8, 1/500 ಎಂದು ಬದಲಿಸಬಹುದು. ಆದರೆ ಪ್ರಾಣಿ ಹೊರಬರುವುದು ಸಂಜೆ. ಬೆಳಕು ಹದಿನಾರನೇ ಒಂದು ಭಾಗಕ್ಕೆ ಇಳಿದಿದ್ದರೆ ಎಫ್ 5.6 ಅಪರ್ಚರ್‌ನಲ್ಲೂ ಸುಮಾರು 1/60 ಸೆಕೆಂಡ್ ಬೇಕು. 400 ಐಎಸ್ಒ ಫಿಲಂ ಹಾಕಿದರೂ 1/250ಕ್ಕೆ ನಿಲ್ಲುತ್ತದೆ. ಹಾಗಾದರೆ ಸ್ಟ್ಯಾಂಡ್ ಬೇಕು, ಮರೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪ್ರಾಣಿ ತಾನಾಗಿ ಹತ್ತಿರ ಬರುವವರೆಗೆ ಕಾಯುವ ತಾಳ್ಮೆ ಬೇಕು.

ಈ ಲೆಕ್ಕದಿಂದ ಒಂದು ಮಾತು ಸ್ಪಷ್ಟ. ಬಿಂಬ ದೊಡ್ಡದಾಗಲು ದಾರಿ ಎರಡೇ. ಒಂದು, ಸಂಗಮದೂರ ಹೆಚ್ಚಿಸುವುದು. ಎರಡು, ಪ್ರಾಣಿಯ ದೂರ ಕಡಿಮೆ ಮಾಡುವುದು. ಎರಡನೆಯ ದಾರಿಯಲ್ಲಿ ಹತ್ತಿರ ಬಂದದ್ದು ಪ್ರಾಣಿಯೋ, ನಾವೋ ಎಂಬುದು ಮುಖ್ಯ ಪ್ರಶ್ನೆ.

ಕಾದು ಕುಳಿತವರು

ನದಿಯಾಚೆ ಸಂಡೂರು ಇದೆ. ಅಲ್ಲಿನ ರಾಜಮನೆತನದ ಎಂ.ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಪ್ರಾಣಿಯ ಜೊತೆಗೆ ಅದು ಬದುಕುವ ಕಾಡು, ನೆರಳು, ದೂಳು ಎಲ್ಲವೂ ಇರುತ್ತವೆ. 1983ರಲ್ಲಿ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕ ಬಂತು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕೂಡ ಇದೇ ಫಿಲಂ ಕಾಲದವರು.

ಅವರಿಗೂ ಮೊದಲು, ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ಹುಲಿ ನಡೆಯುವ ದಾರಿಗೆ ತಂತಿ ಕಟ್ಟಿ, ಅದು ತಾಗಿದಾಗ ಕ್ಯಾಮೆರಾ ತಾನೇ ಚಿತ್ರ ತೆಗೆಯುವಂತೆ ಮಾಡಿದ್ದರು. 1927ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಜನ ಬಂದೂಕು ಹಿಡಿದು ಹುಲಿಯ ಹಿಂದೆ ಹೋಗುತ್ತಿದ್ದ ಕಾಲವದು. ಮುಂದೆ ನಮ್ಮ ರಾಜ್ಯದ ನಾಗರಹೊಳೆಯಲ್ಲಿ ಡಾ. ಕೆ. ಉಲ್ಲಾಸ ಕಾರಂತರು ಇಂಥದೇ ಸ್ವಯಂಚಾಲಿತ ಕ್ಯಾಮೆರಾಗಳಿಂದ ಹುಲಿಗಳ ಪಟ್ಟೆ ಗುರುತಿಸಿ, ಅವುಗಳ ಸಂಖ್ಯೆ ಅಂದಾಜಿಸುವ ವಿಧಾನ ಬೆಳೆಸಿದರು. ಪ್ರತಿ ಹುಲಿಯ ಪಟ್ಟೆಯೂ ನಮ್ಮ ಬೆರಳಚ್ಚಿನಂತೆ ಬೇರೆ ಬೇರೆ.

ಹಾಗೆಂದು ಫಿಲಂ ಕಾಲ ಪೂರ್ತಿ ಒಳ್ಳೆಯದು, ಡ್ರೋನ್ ಕಾಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆಗಲೂ ಗೂಡಿನ ಮುಂದಿನ ಕೊಂಬೆ ಸರಿಸಿ ಚಿತ್ರ ತೆಗೆಯುವವರಿದ್ದರು. ಮರೆ ಹೋದರೆ ಕಾಗೆ, ಗಿಡುಗಗಳಿಗೆ ಗೂಡು ಸುಲಭವಾಗಿ ಕಾಣುತ್ತದೆ, ಮರಿಗೆ ಬಿಸಿಲೂ ತಾಗುತ್ತದೆ. ಆದ್ದರಿಂದ ಈಗ ಅನೇಕ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರ ಸ್ವೀಕರಿಸುವುದಿಲ್ಲ.

ಡ್ರೋನ್‌ನ ಲೆಕ್ಕ

ಅದೇ ಸೂತ್ರ ಡ್ರೋನ್‌ಗೂ ಅನ್ವಯಿಸುತ್ತದೆ. ಫಿಲಂ ಅಳತೆಗೆ ಹೋಲಿಸಿದರೆ 24 ಮಿ.ಮೀ. ಸಂಗಮದೂರಕ್ಕೆ ಸಮನಾದ ಮಸೂರ ಡ್ರೋನ್‌ನಲ್ಲಿದೆ ಎಂದುಕೊಳ್ಳಿ. 120 ಮೀಟರ್ ಎತ್ತರದಿಂದ ನೇರ ಕೆಳಗೆ ನೋಡಿದರೆ ನೆಲದ 180 ಮೀಟರ್ ಅಗಲ ಚಿತ್ರದಲ್ಲಿ ಬರುತ್ತದೆ. ಚಿತ್ರದ ಅಗಲ 4000 ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್ ಎಂದರೆ ನೆಲದ ನಾಲ್ಕೂವರೆ ಸೆಂ.ಮೀ. ನಮ್ಮ 1 ಮೀಟರ್ ನೀರುನಾಯಿಗೆ ಸಿಗುವುದು ಸುಮಾರು 22 ಪಿಕ್ಸೆಲ್. ಏನೂ ಕಾಣದು! ಹಾಗಾದಾಗ ಕೈ ಸುಮ್ಮನಿರುವುದಿಲ್ಲ, ಡ್ರೋನ್ ಕೆಳಗಿಳಿಸುತ್ತೇವೆ. 20 ಮೀಟರ್‌ಗೆ ಇಳಿಸಿದರೆ 133 ಪಿಕ್ಸೆಲ್ ಸಿಗುತ್ತದೆ. ಚಿತ್ರ ಬಂತು. ಆದರೆ ಆಗ ಪ್ರಾಣಿಯ ತಲೆಯ ಮೇಲೆ ಗುಂಯ್‌ಗುಟ್ಟುವ ಯಂತ್ರವಿರುತ್ತದೆ.

ಪ್ರಾಣಿ ಓಡದಿದ್ದರೆ ತೊಂದರೆ ಇಲ್ಲ ಎನ್ನುವವರಿದ್ದಾರೆ. ಅಮೆರಿಕದ ಮಿನ್ನೆಸೋಟದಲ್ಲಿ ಕಪ್ಪು ಕರಡಿಗಳ ದೇಹದಲ್ಲಿ ಹೃದಯ ಬಡಿತ ಅಳೆಯುವ ಸಾಧನವಿಟ್ಟು, ಮೇಲೆ ಡ್ರೋನ್ ಹಾರಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹೆಚ್ಚಿನ ಕರಡಿಗಳು ಓಡಲಿಲ್ಲ, ಆದರೆ ಎದೆಬಡಿತ ಏರಿತ್ತು. ಒಂದು ಕರಡಿಯ ಬಡಿತ ನಿಮಿಷಕ್ಕೆ 41ರಿಂದ 162ಕ್ಕೆ ಹೋಗಿತ್ತು. ಅಂದರೆ ಸುಮ್ಮನೆ ಕೂತಿರುವ ಪ್ರಾಣಿ ನೆಮ್ಮದಿಯಿಂದಿದೆ ಎಂದು ಕ್ಯಾಮೆರಾ ನಮಗೆ ಹೇಳಲಾರದು. 2021ರಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ಎಂಬಲ್ಲಿ ಹಕ್ಕಿಗಳು ಮೊಟ್ಟೆ ಇಟ್ಟಿದ್ದ ದಿಬ್ಬದ ಮೇಲೆ ಡ್ರೋನ್ ಬಿತ್ತು. ಟರ್ನ್ ಜಾತಿಯ ಸುಮಾರು 3000 ಹಕ್ಕಿಗಳು ಬೆದರಿ ಮೊಟ್ಟೆ ಬಿಟ್ಟು ಹೋದವು.

ಡ್ರೋನ್‌ನಿಂದ ಉಪಯೋಗವೂ ಇದೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಪ್ಲಾಸ್ಟಿಕ್ ಬಾತುಗಳನ್ನು ಮರಳಿನ ಮೇಲೆ ಹರಡಿ ಎಣಿಸಿದಾಗ, ನೆಲದಲ್ಲಿ ನಿಂತು ಎಣಿಸಿದ್ದಕ್ಕಿಂತ ಡ್ರೋನ್ ಚಿತ್ರದ ಎಣಿಕೆ ಹೆಚ್ಚು ನಿಖರವಾಗಿತ್ತು. ತಿಳಿದವರು, ಅನುಮತಿ ಪಡೆದು, ಸಾಕಷ್ಟು ಎತ್ತರದಿಂದ, ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹಾರಿಸಿದರೆ ಅದು ವಿಜ್ಞಾನದ ಸಾಧನ. ಚಂದದ ವಿಡಿಯೊಗಾಗಿ ಗೂಡಿನ ಮೇಲೆ ಹಾರಿಸುವುದು ಬೇರೆ ವಿಷಯ.

ಮುಕ್ಕುಂದದ ದಡದಲ್ಲಿ

ನಮ್ಮಿಂದ ನದಿಯ ಮೇಲ್ಭಾಗದಲ್ಲಿ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗಾಗಿಯೇ ದೇಶದಲ್ಲಿ ಆದ ಮೊದಲ ಮೀಸಲು ಪ್ರದೇಶ ಅದು. ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ಈ ಪ್ರಾಣಿಗೆ ದೊಡ್ಡ ಶತ್ರುಗಳು. ಆ ನೀರೇ ಹರಿದು ಮುಕ್ಕುಂದಕ್ಕೆ ಬರುತ್ತದೆ. ಮೀಸಲಿನ ಗಡಿ ಕಂಪ್ಲಿಗೆ ಮುಗಿದರೂ ಪ್ರಾಣಿಗೆ ಆ ಗಡಿ ಗೊತ್ತಿಲ್ಲ.

ಬೇಸಿಗೆಯಲ್ಲಿ ನದಿ ಇಳಿದಾಗ ಮರಳು ದಿಬ್ಬಗಳು ಮೇಲೇಳುತ್ತವೆ. ನದಿ ರೀವದಂಥ ಹಕ್ಕಿಗಳು ಇಂಥ ದಿಬ್ಬದ ಮೇಲೆ, ನೆಲದಲ್ಲೇ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣ ಮರಳಿನಂತೆಯೇ ಇರುವುದರಿಂದ ಮೇಲಿನಿಂದಲೂ ಕಾಣದು, ಕಾಲಿಗೂ ತಿಳಿಯದು. ತಾಯಿ ಹಕ್ಕಿ ಎದ್ದು ಹೋದರೆ ನಮ್ಮ ರಾಯಚೂರು ಬಿಸಿಲಿನಲ್ಲಿ ಮೊಟ್ಟೆ ಉಳಿಯುವುದು ಕಷ್ಟ.

ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಪ್ರಯಾಣದ ನಡುವೆ ಸಹಾಬಿಗಳಲ್ಲಿ ಕೆಲವರು ಒಂದು ಸಣ್ಣ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಅಲ್ಲೇ ಸುತ್ತತೊಡಗಿತು. ಪ್ರವಾದಿ ಮುಹಮ್ಮದ್ (ಸ) ಅದನ್ನು ಕಂಡು, ಈ ಹಕ್ಕಿಗೆ ನೋವು ಕೊಟ್ಟವರಾರು ಎಂದು ವಿಚಾರಿಸಿ, ಮರಿಗಳನ್ನು ಮರಳಿಸಲು ಹೇಳಿದರು. ಪ್ರಯಾಣಿಕರು ಮರಿಗಳನ್ನು ಕೊಂದಿರಲಿಲ್ಲ. ತಾಯಿಯ ಗಾಬರಿಯೇ ಸಾಕಾಗಿತ್ತು. ಕ್ಯಾಮೆರಾ ಹಿಡಿದು ಪ್ರಯಾಣ ಹೋಗುವ ನಮಗೆ ಇದಕ್ಕಿಂತ ಸರಳವಾದ ಪಾಠ ಬೇಕೆ?

ಕಾನೂನೂ ತಿಳಿದಿರಲಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, 250 ಗ್ರಾಂ ಮೀರಿ 2 ಕೆ.ಜಿ.ವರೆಗಿನದು ಮೈಕ್ರೊ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದ ಮಿತಿ ಇದೆ. ಪೈಲಟ್ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ದರೋಜಿ ಕರಡಿಧಾಮದಂಥ ಅಭಯಾರಣ್ಯದಲ್ಲಿ ಪ್ರವೇಶಕ್ಕೂ ಛಾಯಾಗ್ರಹಣಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅಲ್ಲಿ ಪ್ರಾಣಿಗಳನ್ನು ಕೆಣಕುವುದು ಅಪರಾಧ.

ಹಾಗಾಗಿ ವಾರ್ಷಿಕೋತ್ಸವದ ವಿಡಿಯೊ ಬಗ್ಗೆ ನನ್ನ ಉತ್ತರ ಇದು. ನೋಂದಣಿ, ಅನುಮತಿ ಸರಿಯಿದ್ದು, ತರಬೇತಿ ಪಡೆದವರು ಹಾರಿಸುವುದಾದರೆ ನಮ್ಮ ಕಾಲೇಜು ಮೈದಾನ, ಕಾಲುವೆ, ಭತ್ತದ ಗದ್ದೆ ಚಿತ್ರೀಕರಿಸಿ. ನದಿಯ ದಿಬ್ಬ, ಹಕ್ಕಿಗಳ ಹಿಂಡು, ಗೂಡಿರುವ ಮರಗಳ ಮೇಲೆ ಬೇಡ. ಹಕ್ಕಿಯ ಚಿತ್ರ ಬೇಕಿದ್ದರೆ ದಡದಲ್ಲಿ ಕುಳಿತು ತೆಗೆಯೋಣ, ನಾನೂ ಬರುತ್ತೇನೆ.

ಮಾಡಿ ನೋಡಿ

1. ಖಾಲಿ ರಟ್ಟಿನ ಡಬ್ಬಿಗೆ ಸೂಜಿಯಿಂದ ರಂಧ್ರ ಮಾಡಿ, ಎದುರು ಬದಿಗೆ ಬೆಣ್ಣೆ ಕಾಗದ ಅಂಟಿಸಿ ಕಿಟಕಿಯತ್ತ ಹಿಡಿಯಿರಿ. ಬಿಂಬ ಏಕೆ ತಲೆಕೆಳಗಾಗಿದೆ? ಕಿರಣಚಿತ್ರ ಬರೆಯಿರಿ.

2. 60 ಸೆಂ.ಮೀ. ಎತ್ತರದ ಹಕ್ಕಿ 30 ಮೀಟರ್ ದೂರದಲ್ಲಿದೆ. 200 ಮಿ.ಮೀ. ಮಸೂರದಲ್ಲಿ ಅದರ ಬಿಂಬದ ಎತ್ತರವೆಷ್ಟು? (ಉತ್ತರ: 4 ಮಿ.ಮೀ.)

3. ಮೊಬೈಲ್‌ನಲ್ಲೇ ಫಿಲಂ ಕಾಲದ ನಿಯಮ ಹಾಕಿಕೊಳ್ಳಿ. ಒಂದು ದಿನಕ್ಕೆ 36 ಚಿತ್ರ ಮಾತ್ರ, ಸಂಜೆಯವರೆಗೆ ನೋಡುವಂತಿಲ್ಲ, ಅಳಿಸುವಂತಿಲ್ಲ. ಪ್ರತಿ ಚಿತ್ರದ ಜೊತೆ ಸ್ಥಳ, ಸಮಯ, ಬೆಳಕಿನ ದಿಕ್ಕು, ಅಂದಾಜು ದೂರ ಬರೆದಿಡಿ. ನೀವು ಹತ್ತಿರ ಹೋದಿರೋ, ಅದೇ ಹತ್ತಿರ ಬಂತೋ ಎಂಬುದನ್ನೂ ಬರೆಯಿರಿ.

ಮೂರನೆಯ ಅಭ್ಯಾಸದ ಪುಸ್ತಕಗಳನ್ನು ನನಗೆ ತಂದು ತೋರಿಸಿ. ಅವುಗಳಲ್ಲಿ ಚೆನ್ನಾಗಿರುವ ಟಿಪ್ಪಣಿಗಳನ್ನು ಮುಂದಿನ ಸಂಚಿಕೆಗೆ ಕೊಡೋಣ.